ಅರಳೆಯಜ್ಜಿಯ ಮಧ್ಯಾಹ್ನದ ನಿದ್ದೆ

ಬಿಲ್ಲಜ್ಜನ ಮಗ ತೂಕಡಿಕೆಯಪ್ಪ, ತೂಕಡಿಕೆಯಪ್ಪನ ಮಗ ಕಣ್ಮುಚ್ಚಿ ಹೊಲಿಯುವ ಮೇಸ್ತ್ರಿ, ಆ ಮೇಸ್ತ್ರಿಯ ಒಬ್ಬಳೇ ಮಗಳು ಅರಳೆಯಜ್ಜಿ. ತಲೆಮಾರುಗಳಿಂದ ಊರಿಗೆ ಹಾಸಿಗೆ ಹೊಲಿದುಕೊಟ್ಟ ವಂಶ ಅದು. ರಾಜರ ವಂಶಾವಳಿ ಹೇಳುವವರು ಯಾರು ಯಾರ ತಲೆ ತೆಗೆದರು ಎಂದು ಹೇಳುತ್ತಾರೆ. ಈ ವಂಶದ ಕಥೆ ಹೇಳಬೇಕಾದರೆ ಯಾರು ಯಾರ ತಲೆಗೆ ದಿಂಬು ಕೊಟ್ಟರು ಎಂದು ಹೇಳಬೇಕು.

ಬಿಲ್ಲಜ್ಜ ಆಳುದ್ದದ ಬಿಲ್ಲನ್ನು ಹೆಗಲ ಮೇಲೆ ಹೊತ್ತು ಬೀದಿ ಬೀದಿ ತಿರುಗಿದವನು. ಅದು ಯುದ್ಧದ ಬಿಲ್ಲಲ್ಲ, ಹತ್ತಿ ಹಿಂಜುವ ಬಿಲ್ಲು. ಮರದ ಕೊಡತಿಯಿಂದ ಅದರ ಹೆದೆ ಮೀಟಿದರೆ 'ಡೊಂಯ್' ಎಂದು ನಾದ ಹೊರಟು, ಗಂಟುಗಟ್ಟಿ ಮುದುಡಿದ ಹತ್ತಿ ನಾಚಿಕೆ ಬಿಟ್ಟು ಅರಳುತ್ತಿತ್ತು. ಆ ಸದ್ದಿಗೆ ರಚ್ಚೆ ಹಿಡಿದ ಕೂಸುಗಳು ಸುಮ್ಮನಾಗುತ್ತಿದ್ದವಂತೆ, ಕಚ್ಚಾಡುವ ಗಂಡ ಹೆಂಡಿರು ಜಗಳ ಯಾಕೆ ಶುರುವಾಯಿತೆಂಬುದನ್ನೇ ಮರೆಯುತ್ತಿದ್ದರಂತೆ. ಅಂಥವನೂ ಒಮ್ಮೆ ಎಡವಿದ. ಊರಿನ ನ್ಯಾಯಾಧೀಶರಿಗೆ ಹೊಲಿದ ಹಾಸಿಗೆಯ ಒಳಗೆ ದಪ್ಪ ಸೂಜಿಯೊಂದು ಮರೆತು ಉಳಿಯಿತು. ಮಾರನೆಯ ದಿನ ನ್ಯಾಯಾಧೀಶರು, ಎಲ್ಲಿ ಚುಚ್ಚಿತೆಂದು ನಾಲ್ಕು ಜನರ ಮುಂದೆ ಹೇಳಲಾರದೆ, ನಿಂತುಕೊಂಡೇ ತೀರ್ಪು ಓದಿದರು. ಅಂದು ಬಿಲ್ಲಜ್ಜ ಒಂದು ಕಟ್ಟಳೆ ಮಾಡಿದ: ಹೊಲಿದವರು ಮೊದಲು ಮಲಗಬೇಕು. ಸುಮ್ಮನೆ ಮೈ ಚಾಚುವುದಲ್ಲ, ಒಂದು ಮಧ್ಯಾಹ್ನದ ಪೂರ್ತಿ ನಿದ್ದೆ ತೆಗೆಯಬೇಕು. ನಮ್ಮ ಮೈಗೆ ಚುಚ್ಚದ್ದು ಮಾತ್ರ ಮಂದಿಯ ಮೈಗೆ ಹೋಗಬೇಕು.

ತೂಕಡಿಕೆಯಪ್ಪನಿಗೆ ಆ ಹೆಸರು ಬಂದದ್ದು ಈ ಕಟ್ಟಳೆಯಿಂದಲೇ. ಊರಿಗೆ ವಿಷಜ್ವರ ಬಂದ ವರ್ಷ ಆಸ್ಪತ್ರೆಯ ಹಾಸಿಗೆಗಳನ್ನೆಲ್ಲ ಅವನೊಬ್ಬನೇ ಹೊಲಿದ, ಒಂದೊಂದರ ಮೇಲೂ ಮಲಗಿ ಎದ್ದ. ನೋಡಿದವರು ಸೋಮಾರಿ ಎಂದು ನಕ್ಕರು. ಜ್ವರ ಬಿಟ್ಟು ಎದ್ದು ಬಂದವರು ಮಾತ್ರ ನಗಲಿಲ್ಲ. ಇನ್ನು ಮೇಸ್ತ್ರಿಯೋ, ಕಣ್ಣಿಗೆ ಪೊರೆ ಬಂದ ಮೇಲೂ ಬೆರಳಿನ ತುದಿಯಲ್ಲೇ ನೋಡಿಕೊಂಡು ಹೊಲಿದವನು. ಅವನ ಹೆಂಡತಿ ಅರ್ಧ ಹೊಲಿದ ಹಾಸಿಗೆಯ ಮೇಲೆ ನೋವು ತಿಂದು ಮಗಳನ್ನು ಹೆತ್ತಳು. ಹಾಗಾಗಿ ಅರಳೆಯಜ್ಜಿ ನೆಲಕ್ಕಿಂತ ಮೊದಲು ಮುಟ್ಟಿದ್ದು ಹತ್ತಿಯನ್ನು. ಈಗ ಅವಳ ತಲೆಗೂದಲೂ ಹಿಂಜಿದ ಅರಳೆಯೇ. ಹೆಸರು ಮೊದಲೇ ಬಂದಿತ್ತು, ಕೂದಲು ನಿಧಾನವಾಗಿ ಬಂದು ಅದನ್ನು ಸೇರಿಕೊಂಡಿತು.

ಅವಳ ಕೆಲಸದ ಕೋಣೆ ಬೀದಿಗೆ ತೆರೆದುಕೊಂಡಿತ್ತು. ಗೋಡೆಯ ಗೂಟದಲ್ಲಿ ಬಿಲ್ಲಜ್ಜನ ಬಿಲ್ಲು, ಮೂಲೆಯಲ್ಲಿ ಹತ್ತಿ ಬಡಿಯುವ ಬೆತ್ತಗಳು, ನಡುವೆ ಒಂದು ಗಿಡ್ಡ ಮಣೆ. ಬೆತ್ತ ಬಿದ್ದಾಗಲೆಲ್ಲ ಅರಳೆಯ ಎಳೆಗಳು ಮೇಲೆದ್ದು ಕಿಟಕಿಯ ಬಿಸಿಲಕೋಲಿನಲ್ಲಿ ಈಜುತ್ತಿದ್ದವು. ಕೆಳಗೆ ಬರಬೇಕೋ ಬೇಡವೋ ಎಂದು ಯೋಚಿಸುತ್ತಿದ್ದವು. ಬೀದಿಯಲ್ಲಿ ಹೋಗುವವರಿಗೆ, ಆ ಮುದುಕಿ ಒಂದು ಮೋಡದೊಳಗೆ ಕೂತು ಮೋಡವನ್ನೇ ಹೊಲಿಯುತ್ತಿದ್ದಾಳೆ ಅನ್ನಿಸುತ್ತಿತ್ತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಆ ಕೋಣೆಯಲ್ಲಿ ನಡೆಯುತ್ತಿರಲಿಲ್ಲ. "ಗಾದೆ ಕಟ್ಟಿದೋನು ಹಾಸಿಗೆ ಹೊಲಿಯೋನಲ್ಲ" ಎನ್ನುತ್ತಿದ್ದಳು. "ಕಾಲು ಇದ್ದಷ್ಟು ಹಾಸಿಗೆ ಹೊಲಿಯೋದು ನಮ್ಮ ಕೆಲಸ." ಬಂದವರನ್ನು ನೆಲದ ಮೇಲೆ ಮಲಗಿಸಿ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಭುಜ ಎಲ್ಲಿ ಒತ್ತುತ್ತದೆ, ಸೊಂಟ ಎಲ್ಲಿ ಕೂರುತ್ತದೆ ಎಂದು ಗುರುತು ಹಾಕುತ್ತಿದ್ದಳು. ಹೊಲಿದ ಮೇಲೆ ಬಾಗಿಲು ತೆರೆದಿಟ್ಟೇ ಹಾಸಿಗೆಯ ಮೇಲೆ ಮಲಗುತ್ತಿದ್ದಳು. ಆಗ ಕನಸು ಬರುತ್ತಿತ್ತು. ಮದುವೆಯ ಹಾಸಿಗೆಯ ಮೇಲೆ ಹಕ್ಕಿಗಳ ಹಿಂಡು ಕಾಣುತ್ತಿತ್ತು. ಕಾಯಿಲೆಯವರ ಹಾಸಿಗೆಯ ಮೇಲೆ ನೆರಳಿನ ಸಾಲುಮರದ ದಾರಿ ಕಾಣುತ್ತಿತ್ತು. ಒಯ್ಯಲು ಬಂದವರಿಗೆ "ಇದರ ಮೇಲೆ ಹೊಳೆ ಕಂಡೆ, ತಿಳಿನೀರು, ಧೈರ್ಯವಾಗಿ ಮಲಗಿ" ಎಂದು ಹೇಳಿ ಕಳಿಸುತ್ತಿದ್ದಳು. ಮಂದಿ ಅದನ್ನೂ ಹಾಸಿಗೆಯ ಜೊತೆಗೇ ಮಡಚಿ ಒಯ್ಯುತ್ತಿದ್ದರು. ಅಂಚೆಯ ಕೆಲಸದಲ್ಲಿದ್ದ ಅವಳ ಗಂಡ ಬದುಕಿದ್ದಾಗ, "ಊರವರ ಹಾಸಿಗೆಯಲ್ಲೆಲ್ಲ ನನ್ನ ಹೆಂಡತಿ ಮಲಗಿದಾಳೆ ಅಂತ ಎದೆತಟ್ಟಿ ಹೇಳೋ ಗಂಡಸು ನಾನೊಬ್ಬನೇ" ಎಂದು ನಗಿಸುತ್ತಿದ್ದ. ಅವನು ಹೋದ ಮೇಲೂ ಆ ಮಾತು ಬೀದಿಯಲ್ಲಿ ಉಳಿದಿತ್ತು.

ಬೀದಿಯ ಆಚೆ ದಡದಲ್ಲಿ ಕ್ಷೌರದ ಅಂಗಡಿ. ಕತ್ತರಿ ಎಂದೇ ಎಲ್ಲರೂ ಕರೆಯುವ ಅದರ ಯಜಮಾನ ಅಜ್ಜಿಗಿಂತ ಕೆಲವು ವರ್ಷ ಚಿಕ್ಕವನು, ಹೆಂಡತಿ ತೀರಿಕೊಂಡವನು, ದಿನವೆಲ್ಲ ರೇಡಿಯೊ ಹಾಕಿಕೊಂಡು ಅದರೊಂದಿಗೇ ವಾದ ಮಾಡುವವನು. ಅವನು ಒಂದು ದಿನ ಸೊಂಟ ಹಿಡಿದುಕೊಂಡು ಬಂದ.

"ಅಕ್ಕಾ, ನಿಂತು ನಿಂತು ಸೊಂಟ ಒಣ ಬಿದಿರಾಗಿದೆ. ಮುಟ್ಟಿದ್ರೆ ಕಟಕಟ ಅನ್ನುತ್ತೆ. ನಂಗೊಂದು ಹಾಸಿಗೆ ಹೊಲಿದುಕೊಡು."

"ಇಷ್ಟು ವರ್ಷ ಎದುರಿಗೇ ಇದ್ದೀಯ, ಈಗ ಜ್ಞಾನೋದಯ ಆಯ್ತಾ? ಮಲಗು, ಗೆರೆ ಎಳೀತೀನಿ."

ಅವನು ಮಲಗಿದ. ಅಜ್ಜಿ ಮಂಡಿಯೂರಿ ಸುತ್ತ ಗೆರೆ ಎಳೆದಳು. ಎದ್ದು ನೋಡಿ ಕತ್ತರಿ ಹೌಹಾರಿದ. "ಇದೇನಕ್ಕಾ, ಪೊಲೀಸರು ಹೆಣದ ಸುತ್ತ ಎಳೆದ ಹಾಗಿದೆ!"

"ಹೆಣ ಇಷ್ಟು ಮಾತಾಡಲ್ಲ ಬಿಡು."

ಅವನ ಹಾಸಿಗೆಗೆ ಅರ್ಧ ಹತ್ತಿ ತುಂಬಿದ ಹೊತ್ತಿಗೆ ಆ ಮಧ್ಯಾಹ್ನ ಬಂತು. ಬಿಸಿಲು ಹಾಲಿನಂತಿತ್ತು. ಗೂಟದಿಂದ ಬಿಲ್ಲು ತೆಗೆಯಲೆಂದು ಅಜ್ಜಿ ಎದ್ದಳು. ಕಾಲಿಗೆ ಹಾಸಿಗೆಯ ಚೀಲದ ಅಂಚು ಸುತ್ತಿಕೊಂಡಿತು. ಬಿದ್ದಳೆಂದರೆ ದೊಡ್ಡ ಮಾತಾಯಿತು, ಮರದ ಎಲೆ ಕೆಳಗೆ ಬರುವಂತೆ ಪಕ್ಕಕ್ಕೆ ಒರಗಿ, ಅರ್ಧ ತುಂಬಿದ ಅರಳೆಯ ಮೇಲೆ ಇಳಿದಳು. ಸೊಂಟದಲ್ಲಿ ಏನೋ ಛಳಕ್ ಎಂದಿತು. ಏಳೋಣವೆಂದರೆ ಕಾಲು ತನ್ನದಲ್ಲವೆಂಬಂತೆ ಸುಮ್ಮನಿತ್ತು.

ಎದುರಿಗೆ ಕತ್ತರಿ ಕಂಡ. ಕೂಗಿದ್ದರೆ ಒಂದು ಕ್ಷಣದಲ್ಲಿ ಓಡಿ ಬರುತ್ತಿದ್ದ. ಅಜ್ಜಿ ಕೂಗಲಿಲ್ಲ. ಕೂಗಿದರೆ ಬಿದ್ದಳು ಎಂಬ ಹೆಸರು ಬರುತ್ತದೆ, ಆ ಹೆಸರು ಒಮ್ಮೆ ಬಂದರೆ ಒಗೆದರೂ ಹೋಗುವ ಕಲೆಯಲ್ಲ. ಇನ್ನೊಂದು ಗಳಿಗೆ ನೋಡೋಣ, ಕಾಲಿಗೆ ಬುದ್ಧಿ ಬರುತ್ತದೆ ಎಂದುಕೊಂಡಳು. ಕತ್ತರಿ ಗಿರಾಕಿಯ ಗಲ್ಲದ ಮೇಲೆ ಕತ್ತಿ ಇಟ್ಟುಕೊಂಡೇ ಈ ಕಡೆ ನೋಡಿದ. ಅಕ್ಕ ಮಲಗಿದ್ದಾಳೆ, ತನ್ನ ಹಾಸಿಗೆಯ ಪರೀಕ್ಷೆ ನಡೆದಿದೆ. ಅವನ ಮುಖ ಹಿಗ್ಗಿತು. ಕೈ ಒರೆಸಿಕೊಂಡು ಹೋಗಿ ರೇಡಿಯೊ ಸದ್ದು ತಗ್ಗಿಸಿದ.

"ಯಾಕೆ, ಹಾಡು ಚೆನ್ನಾಗಿತ್ತಲ್ಲ?" ಎಂದ ಗಿರಾಕಿ.

"ಶ್! ಅಕ್ಕ ನನ್ನ ಹಾಸಿಗೆ ಮೇಲೆ ಕನಸು ಕಾಣ್ತಿದ್ದಾಳೆ. ಕೆಮ್ಮೋದಾದ್ರೆ ಆಚೆ ಹೋಗಿ ಕೆಮ್ಮು."

ಬೀದಿಗೆ ಬೀದಿಯೇ ಕಾಲ್ತುದಿಯಲ್ಲಿ ನಡೆಯಿತು. ಮಾತು ಗಂಟಲೊಳಗೆ ಇಳಿಯಿತು. ಊಟದ ಬಿಡುವಿಗೆಂದು ಔಷಧಿ ಅಂಗಡಿಯ ಕೆಲಸದಿಂದ ಬಂದ ಸೊಸೆ ಬಾಗಿಲಲ್ಲಿ ನಿಂತು ನೋಡಿದಳು. ಅತ್ತೆಯ ಪಾದ ತಣ್ಣಗಾದೀತೆಂದು ಒಳಗಿಂದ ಹೊದಿಕೆ ತಂದು ಮೆಲ್ಲಗೆ ಹೊದಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಹೊರಗೆ ಹೋದಳು. ಅಷ್ಟು ಹೊತ್ತಿಗೆ ಅಜ್ಜಿ ಅರ್ಧ ಇಲ್ಲಿ, ಅರ್ಧ ಅಲ್ಲಿ. ಕೂಗಬೇಕೆಂದು ಮನಸ್ಸಾದಾಗ ಬಾಯಿಯೇ ಒಣ ಅರಳೆಯಾಗಿತ್ತು. ಗೋಡೆಗಳು ದೂರ ಸರಿದವು. ಸುತ್ತ ಹತ್ತಿಯ ಹೊಲ, ಕಣ್ಣು ಹಾಯುವಷ್ಟು ದೂರ ಬಿಳಿ. ಎಲ್ಲೋ ಆಳದಲ್ಲಿ ಬಿಲ್ಲಿನ ನಾದ. ಗಂಡ ಅಂಚೆಯ ಚೀಲ ಹೊತ್ತು ಹೊಲದ ಬದುವಿನ ಮೇಲೆ ಹೋಗುತ್ತಿದ್ದ, ತಿರುಗಿ ನೋಡಲಿಲ್ಲ. ಎಷ್ಟು ಹಿತವಾಗಿತ್ತೆಂದರೆ, ಏಳುವುದನ್ನೇ ಬಿಟ್ಟುಬಿಟ್ಟರೆ ಹೇಗೆ ಎಂದು ಅವಳಿಗೆ ಒಮ್ಮೆ ಅನ್ನಿಸಿತು. ಆ ಹಿತಕ್ಕೇ ಅವಳು ಹೆದರಿದಳು.

ಸಂಜೆ ಸೊಸೆ ಬಂದಾಗ, ತಾನು ಹೊದಿಸಿದ ಹೊದಿಕೆಯ ಒಂದು ಸುಕ್ಕೂ ಅಲುಗಿರಲಿಲ್ಲ. ಆಗ ಅವಳು ಓಡಿ ಹೋಗಿ ಅತ್ತೆಯ ಭುಜ ಅಲುಗಿಸಿದಳು.

ಮೂಳೆ ಮುರಿದಿರಲಿಲ್ಲ. ಸೊಂಟ ಉಳುಕಿತ್ತು, ಮೈ ಕಂದಿತ್ತು. ಡಾಕ್ಟ್ರಮ್ಮ ಬಂದು ನೋಡಿ, ಸ್ವಲ್ಪ ದಿನ ಹುಷಾರಾಗಿರಲಿ ಎಂದಳು. ಆ ಸ್ವಲ್ಪ ದಿನವನ್ನು ಮನೆಯವರು ರಬ್ಬರಿನಂತೆ ಎಳೆದರು. ಎಲ್ಲರಿಗೂ ಒಳಗೊಳಗೇ ಚುಚ್ಚುತ್ತಿತ್ತು. ಬಿಲ್ಲಜ್ಜನ ಸೂಜಿ ಈಗ ಇವರ ಎದೆಯಲ್ಲಿತ್ತು. ಕತ್ತರಿ ಬಂದು, "ನಾನು ರೇಡಿಯೊ ತಗ್ಗಿಸಿದ ಪಾಪಿ" ಎಂದು ಕಣ್ಣೊರೆಸಿಕೊಂಡ. ಮಗ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಪ್ರಕಾರ ಲೋಕದಲ್ಲಿ ಕೆಟ್ಟದ್ದನ್ನೆಲ್ಲ ಎತ್ತಿ ಭದ್ರ ಮಾಡಿ ನಿಲ್ಲಿಸಿದರೆ ಮುಗಿಯಿತು. ಎತ್ತರದ ಕಬ್ಬಿಣದ ಮಂಚ ತಂದ, ಎರಡೂ ಕಡೆ ಕಂಬಿ ಕೂರಿಸಿದ, ಮೇಲೆ ಅಂಗಡಿಯ ಸ್ಪಂಜಿನ ಹಾಸಿಗೆ ಹಾಸಿದ. ಕೆಲಸದ ಕೋಣೆಗೆ ಬೀಗ ಬಿತ್ತು. ಅಮ್ಮ ಕಾಲು ಕೆಳಗೆ ಇಟ್ಟರೆ ಓಡಿ ಬಂದು ಕಂಕುಳಿಗೆ ಕೈ ಹಾಕುತ್ತಿದ್ದ.

"ಬಿಡೋ, ನಾನೇನು ಬಸ್ಸಾ, ಜ್ಯಾಕ್ ಕೊಟ್ಟು ಎತ್ತೋಕೆ?"

"ಬಸ್ಸಾದ್ರೆ ಹೇಳಿದ ಮಾತು ಕೇಳ್ತಿತ್ತಮ್ಮ."

ಸೊಸೆ ಗಂಟೆಗೊಂದು ಟಾನಿಕ್ ತರುತ್ತಿದ್ದಳು, ಗಂಜಿಯನ್ನು ಚಮಚದಲ್ಲಿ ಬಾಯಿಗೇ ಇಡುತ್ತಿದ್ದಳು. ಬೈಯಲು ಆಗದಂಥ ಪ್ರೀತಿ. ಹಗ್ಗದಲ್ಲಿ ಕಟ್ಟಿದರೆ ಬಿಡಿಸಿಕೊಳ್ಳಬಹುದು, ರೇಷ್ಮೆಯಲ್ಲಿ ಕಟ್ಟಿದರೆ ಗಂಟು ಎಲ್ಲಿದೆಯೆಂದೇ ಸಿಗುವುದಿಲ್ಲ.

ಅಜ್ಜಿ ಕರಗತೊಡಗಿದಳು. ಮೊದಲು ಕಾಲಿನ ಮೀನಖಂಡ ಸಡಿಲವಾಯಿತು, ಆಮೇಲೆ ಹಸಿವು ಹೋಯಿತು, ಆಮೇಲೆ ತಮಾಷೆ. ಕೊನೆಗೆ ಮಾತು. ಮಂಚದ ಎತ್ತರದಿಂದ ಕಿಟಕಿಯಾಚೆಗೆ ಆಕಾಶದ ಒಂದು ತುಂಡು ಮಾತ್ರ ಕಾಣುತ್ತಿತ್ತು. ಬೀದಿ ಕಾಣುತ್ತಿರಲಿಲ್ಲ. ದಿನಗಳು ಒಂದರೊಳಗೊಂದು ಸೋರಿಕೊಂಡವು. ಬೆಳಿಗ್ಗೆಯೋ ಸಂಜೆಯೋ ತಿಳಿಯದೆ, ಮಗನನ್ನು ತನ್ನ ಅಪ್ಪನೆಂದುಕೊಂಡು ಒಮ್ಮೆ "ಅಪ್ಪಾ" ಎಂದು ಕರೆದಳು. ಎಲ್ಲಕ್ಕಿಂತ ದೊಡ್ಡ ನಷ್ಟ ಯಾರಿಗೂ ಕಾಣುವಂಥದ್ದಲ್ಲ, ಅವಳಿಗೆ ಕನಸು ಬೀಳುವುದು ನಿಂತಿತ್ತು. ಕಣ್ಣು ಮುಚ್ಚಿದರೆ ಬರೀ ಬೂದಿ ಬಣ್ಣ.

ಕತ್ತರಿ ಒಂದು ದಿನ ಮಂಚದ ಪಕ್ಕ ಕೂತು, "ಅಕ್ಕಾ, ಆ ಹಾಸಿಗೆ ಹೋಗ್ಲಿ ಬಿಡು. ನಾನು ಅಂಗಡಿಯಲ್ಲೇ ಒಂದು ತಗೋತೀನಿ" ಎಂದ. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಅಜ್ಜಿ ಗೋಡೆಯ ಕಡೆ ಹೊರಳಿದಳು.

ಡಾಕ್ಟ್ರಮ್ಮ ಮತ್ತೆ ಬಂದಾಗ ಕಾಲು ಒತ್ತಿ ನೋಡಿದಳು, ಕೈ ಹಿಡಿದು ಬಿಗಿ ನೋಡಿದಳು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಯಾರೂ ಇಷ್ಟು ದಿನ ಕೇಳದ ಪ್ರಶ್ನೆ ಕೇಳಿದಳು. "ಅಜ್ಜೀ, ನಿಮಗೆ ಏನು ಬೇಕು?"

ಅಜ್ಜಿ ಕಂಬಿಯ ಸಂದಿನಿಂದ ಕೆಳಗೆ ನೋಡಿದಳು.

"ನೆಲ ಬೇಕು" ಎಂದಳು.

ಮಗ ಮಧ್ಯೆ ಬಾಯಿ ಹಾಕಿದ. "ನೋಡಿ ಡಾಕ್ಟ್ರೇ, ಹೀಗೇ ಏನೇನೋ ಮಾತಾಡ್ತಾಳೆ."

"ಏನೇನೋ ಅಲ್ಲ ಕಣೋ" ಎಂದಳು ಅಜ್ಜಿ. ಬಹಳ ದಿನದ ಮೇಲೆ ದನಿಗೆ ಅಂಚು ಬಂದಿತ್ತು. "ನಿನ್ನ ಸ್ಪಂಜಿನ ಮೇಲೆ ಕನಸು ನಿಲ್ಲಲ್ಲ. ಬಿದ್ದ ಕನಸು ಚೆಂಡಿನ ಹಾಗೆ ಪುಟಿದು ಆಚೆ ಹೋಗುತ್ತೆ. ನನಗೆ ನನ್ನ ಕೋಣೆಯ ನೆಲ ಬೇಕು, ಕತ್ತರಿಯ ಹಾಸಿಗೆ ಮುಗಿಸಬೇಕು."

ಡಾಕ್ಟ್ರಮ್ಮ ನಗಲಿಲ್ಲ. ಮಗನ ಕಡೆ ತಿರುಗಿದಳು. "ಅಜ್ಜಿಗೆ ಆಗಿದ್ದ ಗಾಯ ಯಾವತ್ತೋ ವಾಸಿಯಾಗಿದೆ. ಈಗ ಇರೋದು ಗಾಯ ಅಲ್ಲ, ಸುಮ್ಮನೆ ಮಲಗಿದ್ದಕ್ಕೆ ಬಂದ ನಿಶ್ಶಕ್ತಿ. ಹೊತ್ತುಕೊಂಡೇ ಇದ್ರೆ ಕಾಲು ತಾನು ಕಾಲು ಅನ್ನೋದನ್ನೇ ಮರೆಯುತ್ತೆ. ಮನಸ್ಸೂ ಅಷ್ಟೇ."

"ಮತ್ತೆ ಬಿದ್ರೆ?"

"ಬೀಳಬಹುದು. ಅದಕ್ಕೇ ಏಳೋದು ಗೊತ್ತಿರಬೇಕು."

ಮಗ ಮಂಚದ ಕಂಬಿ ಹಿಡಿದುಕೊಂಡ. "ಅವತ್ತು ಇಡೀ ಬೀದಿ ನೋಡ್ತಾ ಇತ್ತು ಡಾಕ್ಟ್ರೇ. ಯಾರಿಗೂ ತಿಳೀಲಿಲ್ಲ. ಮಲಗಿದ್ದು ಯಾವುದು, ಬಿದ್ದಿದ್ದು ಯಾವುದು ಅಂತ ಹೇಗೆ ತಿಳ್ಕೊಳ್ಳೋದು?"

ಇದಕ್ಕೆ ಅಜ್ಜಿಯೇ ದಾರಿ ಹೇಳಿದಳು. "ಬಿಲ್ಲು ಇದೆಯಲ್ಲ. ಬೇಕಂತ ಮಲಗೋ ದಿನ ಅದನ್ನು ಬಾಗಿಲಿಗೆ ಅಡ್ಡ ಇಡ್ತೀನಿ. ಬಿಲ್ಲು ಅಡ್ಡ ಇದ್ರೆ ನಿದ್ದೆ. ಬಿಲ್ಲಿಲ್ಲದೆ ನಾನು ಕೆಳಗೆ ಕಂಡ್ರೆ ಓಡಿ ಬನ್ನಿ. ಆಮೇಲೆ…" ಸೊಸೆಯ ಕಡೆ ನೋಡಿದಳು. "ಆಮೇಲೆ, ನಾನೂ ಕೂಗ್ತೀನಿ. ಇನ್ನು ಮೇಲೆ ಕೂಗ್ತೀನಿ."

ಆ ಕೊನೆಯ ಮಾತು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಸೊಸೆಗೆ ಮಾತ್ರ ಗೊತ್ತಾಯಿತು.

ಮಗ ಮೆಕ್ಯಾನಿಕ್ಕಿನ ಬುದ್ಧಿಯವನು, ಓಡಿಸಿ ನೋಡದೆ ಯಾವ ಗಾಡಿಯನ್ನೂ ಡಿಪೋದಿಂದ ಬಿಟ್ಟವನಲ್ಲ. "ಸರಿಯಮ್ಮ. ಕತ್ತರಿ ಮಾವನ ಹಾಸಿಗೆ ಮುಗಿಸು. ನಿನ್ನ ಕಟ್ಟಳೆ ಪ್ರಕಾರ ಅದರ ಮೇಲೆ ಮಲಗು. ಎದ್ದೇಳುವಾಗ ಮಣೆಗೆ ಕೈ ಊರಬಹುದು, ಮನುಷ್ಯರ ಕೈ ಹಿಡೀಬಾರದು. ಎದ್ರೆ ಕೋಣೆ ನಿಂದು, ನಾನು ತಡೆಯಲ್ಲ. ಏಳೋಕೆ ಆಗದಿದ್ರೆ ಬಿಲ್ಲು ಅಟ್ಟಕ್ಕೆ, ಈ ಮಂಚ ಆ ಕೋಣೆಗೆ. ಆಮೇಲೆ ನೀನು ತಕರಾರು ಮಾಡಬಾರದು."

"ಬಿಲ್ಲಜ್ಜನ ಮರಿಮಗಳು ಕಣೋ ನಾನು. ಆಗಲಿ."

ಅಲ್ಲಿಂದ ಮನೆಯೊಳಗೆ ಬೇರೆ ಗಾಳಿ ಬೀಸಿತು. ಡಾಕ್ಟ್ರಮ್ಮ ಹೇಳಿಕೊಟ್ಟಂತೆ ಅಜ್ಜಿ ಕುರ್ಚಿಯಿಂದ ಏಳುವುದು, ಕೂರುವುದು, ಮತ್ತೆ ಏಳುವುದು. "ಚಿಕ್ಕಂದಿನಲ್ಲಿ ಮಾಸ್ತರು ಹೇಳಿದ ಬಸ್ಕಿಯ ಬಾಕಿ ಈಗ ಮುದಿ ವಯಸ್ಸಲ್ಲಿ ತೀರಿಸ್ತಿದ್ದೀನಿ" ಎಂದು ಗೊಣಗಿದಳು. ಗೊಣಗಾಟ ಕೇಳಿ ಸೊಸೆಗೆ ಹಾಲು ಕುಡಿದಷ್ಟು ಸಂತೋಷ. ಗೊಣಗಲೂ ಶಕ್ತಿ ಬೇಕಲ್ಲ. ಹಸಿವು ಬಾಗಿಲ ಬಳಿ ಬಂದು ನಿಂತು, ನಾಚಿಕೊಂಡು ಒಳಗೆ ಬಂತು. ಚಮಚವನ್ನು ಅಜ್ಜಿ ಸೊಸೆಯ ಕೈಯಿಂದ ಕಿತ್ತುಕೊಂಡಳು. ಗೋಡೆ ಹಿಡಿದು ಬೀದಿ ಬಾಗಿಲವರೆಗೆ, ಆಮೇಲೆ ಗೋಡೆ ಬಿಟ್ಟು ಕತ್ತರಿಯ ಅಂಗಡಿಯವರೆಗೆ. ಅಲ್ಲಿ ಕನ್ನಡಿಯ ಮುಂದೆ ಕೂತು ಉಸಿರು ತಿರುಗಿಸಿಕೊಂಡು, "ಲೋ ಕತ್ತರಿ, ಈ ಮುಖ ಯಾರದೋ? ನನ್ನ ಅಪ್ಪನ ಹಾಗಿದೆಯಲ್ಲ" ಎಂದಳು.

"ಮೀಸೆ ಇಲ್ಲ ಅನ್ನೋದು ಬಿಟ್ರೆ ಅದೇ ಅಕ್ಕಾ."

ಕೋಣೆಯ ಬೀಗ ತೆಗೆದ ದಿನ ಒಳಗೆ ಅರ್ಧ ತುಂಬಿದ ಹಾಸಿಗೆ ಹಾಗೇ ಬಿದ್ದಿತ್ತು, ಅವಳು ಮಲಗಿದ್ದ ಗುಳಿ ಅದರ ಮೇಲೆ ಇನ್ನೂ ಇತ್ತು. ತನ್ನದೇ ಆಕಾರವನ್ನು ಅಜ್ಜಿ ನಿಂತು ನೋಡಿದಳು. ಮಣೆಯ ಮೇಲೆ ಕೂತು, ಆ ಗುಳಿಯ ಹತ್ತಿಯನ್ನೆಲ್ಲ ಹಿರಿದು ತೆಗೆದು ಬೆತ್ತದಿಂದ ಮೆಲ್ಲಗೆ ಬಡಿದಳು. ಮೊದಲು ಒಂದು ಹಿಡಿ, ವಿಶ್ರಾಂತಿ, ಇನ್ನೊಂದು ಹಿಡಿ. ಹಿಂದೆ ಒಂದು ಬೆಳಗಿನಲ್ಲಿ ಆಗುತ್ತಿದ್ದ ಕೆಲಸ ಈಗ ವಾರಗಟ್ಟಲೆ ಹಿಡಿಯಿತು. ಎಳೆಗಳು ಬಿಸಿಲಕೋಲಿಗೆ ಏರಿದವು, ಕೋಣೆ ಮತ್ತೆ ಮೋಡವಾಯಿತು. ಆ ಮೋಡದೊಳಗೆ ಅಜ್ಜಿಯ ಕೈ ತಾನಾಗಿ ತೇಲಿ ಹೋಗಿ ಬರುತ್ತಿತ್ತು. ಅಪ್ಪನ ಬೆರಳೋ ತನ್ನ ಬೆರಳೋ ಎಂದು ಅವಳಿಗೇ ಗೊಂದಲವಾಗುತ್ತಿತ್ತು.

ಸೂಜಿಗೆ ದಾರ ಪೋಣಿಸಲು ಮಾತ್ರ ಕಣ್ಣು ಒಪ್ಪಲಿಲ್ಲ. ಸೊಸೆ ಪೋಣಿಸಿಕೊಡುತ್ತಿದ್ದಳು. ಒಂದು ಸಂಜೆ ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡುತ್ತಾ ತಲೆಯೆತ್ತದೆ ಹೇಳಿದಳು. "ಅತ್ತೇ, ಅವತ್ತು ಹೊದಿಕೆ ಹೊದಿಸಿದ್ದು ನಾನೇ. ಹೊದಿಸಿ, ನಿಮ್ಮನ್ನ ಹಾಗೇ ಬಿಟ್ಟು ಹೋದೆ."

ಅಜ್ಜಿ ಹೊಲಿಗೆ ಎಳೆದು ಗಂಟು ಹಾಕಿದಳು. "ಬೆಚ್ಚಗಿತ್ತು ಕಣೇ" ಎಂದಳು.

ಸೊಸೆ ಮೂಗು ಸೆಳೆದುಕೊಂಡಳು. ಆಮೇಲೆ ಇನ್ನೊಂದು ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಹಾಸಿಗೆ ಮುಗಿದ ದಿನ, ಬಿಸಿಲು ಆವತ್ತಿನ ಹಾಗೆಯೇ ಹಾಲಿನಂತಿತ್ತು. ಅಜ್ಜಿ ಬಿಲ್ಲನ್ನು ತಾನೇ ಗೂಟದಿಂದ ತೆಗೆದಳು, ಹೆದೆಯನ್ನು ಬೆರಳಿನಿಂದ ಒಮ್ಮೆ ಮೀಟಿದಳು. 'ಡೊಂಯ್' ಎಂದಿತು. ಬಾಗಿಲಿಗೆ ಅಡ್ಡ ಇಟ್ಟಳು. ಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಮಂಡಿಯೂರಿ, ಅಂಗೈಯೂರಿ, ಮಗ್ಗುಲಾಗಿ ಹಾಸಿಗೆಯ ಮೇಲೆ ಇಳಿದಳು. ಬಾಗಿಲಾಚೆ ಮಗ ಕಂಬಕ್ಕೆ ಒರಗಿ ನಿಂತಿದ್ದ, ಡಿಪೋಗೆ ರಜೆ ಹಾಕಿ ಬಂದಿದ್ದ. ಸೊಸೆ ಮೆಟ್ಟಿಲ ಮೇಲೆ ಕೂತಿದ್ದಳು. ಎದುರಿಗೆ ಕತ್ತರಿ ರೇಡಿಯೊ ತಗ್ಗಿಸಿದ, ಈ ಸಲ ಬಿಲ್ಲು ಅಡ್ಡ ಇದೆಯೇ ಎಂದು ನೋಡಿಕೊಂಡು.

"ನೀವೆಲ್ಲ ಹೀಗೆ ಗೂಬೆಗಳ ಹಾಗೆ ನೋಡ್ತಾ ನಿಂತ್ರೆ ನಿದ್ದೆ ಹೇಗ್ರೋ ಬರುತ್ತೆ?" ಎಂದಳು ಅಜ್ಜಿ. ಹೇಳುತ್ತಲೇ ಕಣ್ಣು ಭಾರವಾಯಿತು.

ಅದು ಪರೀಕ್ಷೆಯ ನಿದ್ದೆಯಲ್ಲ, ನಿಜವಾದ ನಿದ್ದೆ. ಮತ್ತೆ ಆ ಬಿಳಿ ಹೊಲ. ಈ ಸಲ ಹೊಲದ ಉದ್ದಕ್ಕೂ ಹಾಸಿಗೆಗಳು ಹಾಸಿದ್ದವು, ಅವಳು ಹೊಲಿದವು, ಅಪ್ಪ ಹೊಲಿದವು, ಯಾರು ಹೊಲಿದದ್ದೋ ಗೊತ್ತಿಲ್ಲದವು. ಒಂದೊಂದರ ಮೇಲೂ ಊರಿನ ಒಬ್ಬೊಬ್ಬರು ಮಲಗಿ ಹಗುರವಾಗಿ ಉಸಿರಾಡುತ್ತಿದ್ದರು. ಆ ಉಸಿರಿಗೆ ಹೊಲವೇ ಏರಿ ಇಳಿಯುತ್ತಿತ್ತು. ತೂಕಡಿಕೆಯಪ್ಪ ಒಂದರ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅಪ್ಪ ಕಣ್ಮುಚ್ಚಿಕೊಂಡೇ ಆಕಾಶದ ಅಂಚು ಹೊಲಿಯುತ್ತಿದ್ದ. ಬದುವಿನ ಮೇಲೆ ಗಂಡ ನಿಂತಿದ್ದ. ಈ ಸಲ ತಿರುಗಿ ನೋಡಿ, ಅವಸರವಿಲ್ಲ ಎಂಬಂತೆ ಕೈಯಾಡಿಸಿ ಹೋದ. ಬಿಲ್ಲಜ್ಜ, ಅವಳು ಎಂದೂ ಕಣ್ಣಾರೆ ಕಾಣದವನು, ಬಂದು ತಲೆದೆಸೆಯಲ್ಲಿ ಕುಕ್ಕರಗಾಲಲ್ಲಿ ಕೂತ.

"ಏಳೋದು ಹೇಗಜ್ಜ?" ಎಂದು ಕೇಳಿದಳು. ದನಿ ಹುಡುಗಿಯದಾಗಿತ್ತು.

"ಒಮ್ಮೆಗೇ ಏಳೋಕೆ ಹೋಗಬೇಡ ಮಗಳೇ" ಎಂದ ಬಿಲ್ಲಜ್ಜ. "ಗಂಟು ಹತ್ತಿ ಬಿಡಿಸೋ ಹಾಗೆ ಏಳು. ಒಂದೊಂದೇ ಎಳೆ."

ಕಣ್ಣು ಬಿಟ್ಟಾಗ ಬಿಸಿಲಕೋಲು ಗೋಡೆಗೆ ಸರಿದಿತ್ತು. ಹಾಸಿಗೆ ಎಲ್ಲೂ ಚುಚ್ಚಿರಲಿಲ್ಲ. ಅಜ್ಜಿ ಒಮ್ಮೆಲೇ ಏಳಲು ನೋಡಿದಳು. ಸೊಂಟ ಮೇಲಕ್ಕೆ ಬಂದದ್ದು ಹಾಗೇ ಕುಸಿಯಿತು. ಮೆಟ್ಟಿಲ ಮೇಲೆ ಸೊಸೆ ಎದ್ದು ನಿಂತಳು. ಮಗ ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ, ಬಿಲ್ಲು ಅಡ್ಡವಿತ್ತು, ಅಲ್ಲೇ ನಿಂತ.

ಅಜ್ಜಿ ಸುಮ್ಮನೆ ಮಲಗಿ ಒಂದು ಗಳಿಗೆ ಸೂರಿನ ಕಡೆ ನೋಡಿದಳು. ಆಮೇಲೆ ಮೊದಲ ಎಳೆ ಬಿಡಿಸಿದಳು, ಮಗ್ಗುಲಾದಳು. ಮೊಣಕೈ ಊರಿದಳು, ಅಂಗೈಗೆ ಬಂದಳು. ಒಂದು ಮಂಡಿಯನ್ನು ಒಳಗೆ ಎಳೆದುಕೊಂಡಳು, ಇನ್ನೊಂದನ್ನು ಕಾದಳು. ಅದು ಮುನಿಸಿಕೊಂಡ ಮಗುವಿನಂತೆ ತಡವಾಗಿ ಬಂತು. ಈಗ ನಾಲ್ಕು ಕಾಲಿನ ಮೇಲಿದ್ದಳು, ಉಸಿರು ಬುಸುಗುಟ್ಟುತ್ತಿತ್ತು. ಕೈ ನೀಡಿ ಮಣೆಯನ್ನು ಹಿಡಿದಳು. ಒಂದು ಪಾದ ನೆಲಕ್ಕೆ ಪೂರ್ತಿ ಕೂತಿತು. ನೆಲ ತಣ್ಣಗೆ, ಗಟ್ಟಿಯಾಗಿ, ಬಹಳ ದಿನದ ಮೇಲೆ ಬಂದ ನೆಂಟರಂತೆ ಅಂಗಾಲನ್ನು ಮುಟ್ಟಿತು. ತೊಡೆ ಥರಥರ ನಡುಗಿತು.

ಕತ್ತರಿಗೆ ಇನ್ನು ನೋಡಲಾಗಲಿಲ್ಲ. ಬೀದಿ ದಾಟಿ ಓಡಿ ಬಂದವನೇ ಬಿಲ್ಲಿನ ಮೇಲಿಂದ ಬಾಗಿ ಎರಡೂ ಕೈ ಚಾಚಿದ. ಅದೇ ನೆಪವೆಂದು ಮಗನೂ ಚಾಚಿದ, ಸೊಸೆಯೂ ಚಾಚಿದಳು. ಬಾಗಿಲ ತುಂಬ ಕೈಗಳು.

ಅಜ್ಜಿ ಮಣೆಯ ಮೇಲೆ ಭಾರ ಹಾಕಿ, ಇನ್ನೊಂದು ಪಾದವನ್ನೂ ಕೆಳಗಿಟ್ಟು, ಬಾಗಿದ ಬೆನ್ನನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತುತ್ತಾ, ಆ ಕೈಗಳನ್ನೆಲ್ಲ ಒಮ್ಮೆ ನೋಡಿದಳು.

"ತೆಗೀರೋ ಕೈ! ಬಿಲ್ಲು ಅಡ್ಡ ಇರೋದು ಕಾಣಲ್ವಾ? ಬೇಡ ಮಗನೇ, ನಿನ್ನ ಜ್ಯಾಕು ನಿನ್ನ ಬಸ್ಸಿಗಿರಲಿ. ನೀನೂ ಅಷ್ಟೇ ಕಣೇ, ನಿನ್ನ ಕೈ ನಂಗೆ ನಾಳೆ ದಾರ ಪೋಣಿಸೋಕೆ ಬೇಕು, ಇವತ್ತು ಬೇಡ. ಲೋ ಕತ್ತರಿ, ಏನು ನೋಡ್ತಾ ನಿಂತಿದ್ದೀಯ, ಹೋಗಿ ಆ ರೇಡಿಯೊ ಜೋರು ಮಾಡೋ. ನಾನೀಗ ಮಲಗಿಲ್ಲ."